ಗೋಣಿಮರದ ಬುಡದ ಹರಕೆ ಮಣ್ಣು

ಕಳೆದ ವಾರ ಹೊಸೂರಿನ ಆಲಸನತ್ತಂನ ನಮ್ಮ ಬೀದಿಯಲ್ಲಿ ಕರೆಂಟಿನವರು ಒಂದು ಅತ್ತಿಮರದ ಕೊಂಬೆಗಳನ್ನು ಸವರುತ್ತಿದ್ದರು. ತರಕಾರಿ ಚೀಲ ಹಿಡಿದು ಬರುತ್ತಿದ್ದ ನಾನು ಆ ವಾಸನೆಗೆ ನಡುಬೀದಿಯಲ್ಲಿ ನಿಂತುಬಿಟ್ಟೆ. ಆಲ, ಅರಳಿ, ಅತ್ತಿ, ಗೋಣಿ, ಈ ಹಾಲು ಸುರಿಸುವ ಮರಗಳನ್ನು ಕೊಯ್ದಾಗ ಬರುವ ವಾಸನೆಯೇ ಬೇರೆ. ಹಸಿಯಾದ, ಒಗರಾದ, ಎದೆಗೆ ಹತ್ತಿಕೊಳ್ಳುವ ವಾಸನೆ ಅದು. ಪಕ್ಕದ ಮನೆಯವರು "ಯಾಕ್ ಮೇಡಂ, ಹುಷಾರಿಲ್ವಾ?" ಎಂದು ಕೇಳಿದರು. ಏನಿಲ್ಲ ಎಂದು ಹೇಳಿ ಮನೆಗೆ ಬಂದೆ. ಆದರೆ ಅವತ್ತು ಅಡುಗೆ ಮಾಡುವಾಗಲೂ, ಉಂಡು ಮಲಗಿದಾಗಲೂ ಆ ಒಂದು ವರ್ಷವೇ ಕಣ್ಣ ಮುಂದೆ ಇತ್ತು.

ಸೂಳಗಿರಿಯಿಂದ ಒಳಗೆ ಹೋಗುವ ದಾರಿಯಲ್ಲಿರುವ ಒಂದು ಊರಿನ ಕನ್ನಡ ಶಾಲೆಗೆ ನನ್ನನ್ನು ಒಂದು ವರ್ಷದ ಮಟ್ಟಿಗೆ ಹಾಕಿದ್ದರು. ಊರಿನ ಹೆಸರು ಬೇಡ. ಅಲ್ಲಿನವರು ಓದಿದರೆ ಬೇಜಾರು ಮಾಡಿಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ, ನನಗಂತೂ ಸಂಕೋಚ. ಹೊಸೂರಿನ ಬಸ್ಸು ನಿಲ್ಲುತ್ತಿದ್ದುದು ಒಂದು ಗೋಣಿಮರದ ಕೆಳಗೆ. ಬಸ್ ಸ್ಟಾಪು, ವಾರದ ಸಂತೆ, ಪಂಚಾಯ್ತಿ, ಎಲೆ ಅಡಿಕೆ, ಜಗಳ, ರಾಜಿ ಎಲ್ಲ ಅಲ್ಲೇ. ಶಾಲೆ ಅದರ ಎದುರಿಗೆ. ಮೊದಲನೆಯ ದಿನ ಬಸ್ಸಿಳಿದು ತಲೆಯೆತ್ತಿ ನೋಡಿದರೆ ಆಕಾಶವೇ ಕಾಣಲಿಲ್ಲ. ಜೂನ್ ತಿಂಗಳ ಬಿಸಿಲಿನಲ್ಲಿ ಅಷ್ಟು ದೊಡ್ಡ ನೆರಳು ಕಂಡು, ವರ್ಗವಾದದ್ದಕ್ಕೆ ನಾನು ಇಟ್ಟುಕೊಂಡಿದ್ದ ಸಿಟ್ಟು ಅರ್ಧ ಇಳಿದುಹೋಯಿತು.

ಮರದ ಸುತ್ತ ಕಲ್ಲಿನ ಎತ್ತರದ ಕಟ್ಟೆ ಇತ್ತು. ಅದರೊಳಗೆ ತುಂಬಿದ್ದುದು ಹರಕೆಯ ಮಣ್ಣು. ಆ ಊರಿನಲ್ಲಿ ಮಗು ಹುಟ್ಟಿದರೆ, ಮದುವೆ ಕೂಡಿಬಂದರೆ, ಕಾಯಿಲೆ ಬಿದ್ದವರು ಎದ್ದರೆ, ಬೇಸಿಗೆಯಲ್ಲಿ ಕೆರೆ ಒಣಗುವವರೆಗೆ ಕಾದು ಒಂದು ಮಂಕರಿ ಗೋಡು ಹೊತ್ತು ತಂದು ಮರದ ಬುಡಕ್ಕೆ ಸುರಿಯುತ್ತಿದ್ದರು. ಗೋಡು ಎಂದರೆ ಕೆರೆಯ ತಳದ ಕಪ್ಪು ಮೆಕ್ಕಲು ಮಣ್ಣು. ಹೊಲಕ್ಕೆ ಹಾಕಿದರೆ ರಾಗಿ ಎದೆಯೆತ್ತರ ಬರುವ ಮಣ್ಣು. ತಮ್ಮ ಹೊಲಕ್ಕೆ ಬೇಕಾದದ್ದನ್ನೇ ಮರಕ್ಕೆ ಕೊಡುತ್ತಿದ್ದರು. ಅಜ್ಜಿ ಮುತ್ತಜ್ಜಿಯರ ಕಾಲದಿಂದ ಹೀಗೇ ಸುರಿದು, ಮಣ್ಣು ರಸ್ತೆಗೆ ಜಾರಿದಾಗಲೆಲ್ಲ ಕಟ್ಟೆಯನ್ನು ಇನ್ನೊಂದು ವರಸೆ ಏರಿಸಿ, ಈಚೆಗೆ ಸಿಮೆಂಟನ್ನೂ ಮೆತ್ತಿದ್ದರು. ನನಗೆ ಇದನ್ನೆಲ್ಲ ಹೇಳಿದವರು ಹೂವಿನ ಗೌರಕ್ಕ.

ಗೌರಕ್ಕ ಕಟ್ಟೆಯ ಮೇಲೆ, ರಸ್ತೆ ಕಡೆಯ ಮೂಲೆಯಲ್ಲಿ, ಕನಕಾಂಬರ ಸೇವಂತಿಗೆ ಕಟ್ಟುತ್ತಾ ಕೂರುತ್ತಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದ ಹೊಲ ಕಾರ್ಖಾನೆಗಳು ಬಂದಾಗ ಹೋಯಿತು. ಒಬ್ಬನೇ ಮಗ ಮಂಜು ಮೂಕಂಡಪಲ್ಲಿಯ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುತ್ತಿದ್ದವನು, ಶಿಫ್ಟು ಮುಗಿಸಿ ಬರುವಾಗ ಹೈವೇಯಲ್ಲಿ ಲಾರಿಗೆ ಸಿಕ್ಕಿ ಹೋಗಿಬಿಟ್ಟ. ಬಹಳ ವರ್ಷ ಮಕ್ಕಳಿಲ್ಲದೆ ಹುಟ್ಟಿದ ಮಗ. ಅವನು ಹುಟ್ಟಿದಾಗ ಹೊತ್ತು ತಂದ ಗೋಡು ತಾನು ಕೂರುವ ಜಾಗದಲ್ಲೇ ಇದೆ ಎಂದು ಗೌರಕ್ಕ ನನಗೆ ತೋರಿಸಿದ್ದರು. "ಇಲ್ಲಿ ಕುಂತ್ರೆ ಅವ್ನ್ ಪಕ್ಕ ಕುಂತಂಗೈತದೆ ಟೀಚರಮ್ಮಾ" ಎಂದಿದ್ದರು. ಬಸ್ಸಿಗೆ ಕಾಯುವ ನಮ್ಮ ಮಕ್ಕಳೆಲ್ಲ ಅವರ ಸುತ್ತ ಇರುವೆಗಳಂತೆ ಮುತ್ತಿಕೊಂಡಿರುತ್ತಿದ್ದವು. ಉದುರಿದ ಹೂವನ್ನೆಲ್ಲ ಅವರು ಹುಡುಗಿಯರ ಜಡೆಗೆ ಸಿಕ್ಕಿಸಿ ಕಳಿಸುತ್ತಿದ್ದರು.

ಅಕ್ಟೋಬರಿನಲ್ಲಿ ಮಳೆ ದಿನಗಟ್ಟಲೆ ಹಿಡಿದು ಆಮೇಲೆ ಬಿಟ್ಟಿತು. ಬಿಟ್ಟ ಮೇಲಿನ ಭಾನುವಾರ, ಗಾಳಿಯಿಲ್ಲ, ಮೋಡವಿಲ್ಲ, ಹೊಳೆಹೊಳೆಯುವ ಮಧ್ಯಾಹ್ನ, ರಸ್ತೆಯ ಮೇಲಿನ ದೊಡ್ಡ ಕೊಂಬೆ ತಾನಾಗಿ ಮುರಿದುಬಿತ್ತು. ಸೋಮವಾರ ನಾನು ಬಸ್ಸಿಳಿದಾಗ ರಸ್ತೆ ತುಂಬ ಎಲೆ, ಹಾಲು, ಆ ವಾಸನೆ. ಮಕ್ಕಳು ಕೂರುತ್ತಿದ್ದ ಕಲ್ಲುಬೆಂಚು ನಾಲ್ಕಾರು ಚೂರಾಗಿತ್ತು. ಭಾನುವಾರವಾದ್ದರಿಂದ ಯಾರೂ ಇರಲಿಲ್ಲ. ಗೌರಕ್ಕ ಉಣ್ಣಲು ಮನೆಗೆ ಹೋಗಿದ್ದರು. ಹಿಂದಿನ ಶುಕ್ರವಾರ ಅದೇ ಬೆಂಚಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸಿದ್ದೆ.

ತಾಲ್ಲೂಕು ಕಚೇರಿಯವರು ಬಂದು ನೋಡಿ, ಮರವನ್ನೇ ತೆಗೆಯಬೇಕೆಂದು ಕಾಂಡದ ಮೇಲೆ ಕೆಂಪು ಬಣ್ಣದ ಗುರುತು ಹಾಕಿ ಹೋದರು. ಮಾರನೆಯ ಬೆಳಿಗ್ಗೆ ನೋಡಿದರೆ ಆ ಗುರುತಿನ ಮೇಲೆ ದಪ್ಪಗೆ ಅರಿಸಿನ ಬಳಿದು ಕುಂಕುಮ ಇಟ್ಟಿದ್ದರು. ಅಧಿಕಾರಿ ಮತ್ತೆ ಬಂದಾಗ ಅವರಿಗೇ ತಮ್ಮ ಗುರುತು ಸಿಗಲಿಲ್ಲ. ಪಾಪ, ಒಳ್ಳೆಯ ಮನುಷ್ಯ. ಚಪ್ಪಲಿ ಬಿಟ್ಟು ಕೈಮುಗಿದು, ಆಮೇಲೆ ಬೈದರು. ಊರಿನ ಹಿರಿಯ ಕೆಂಚಪ್ಪನವರು ಅವರ ಹತ್ತಿರ ತಮಿಳಿನಲ್ಲಿ ವಾದಿಸಿದರು, ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಗೊಣಗಿದರು, ಹೆಂಡತಿ ಬಂದು ಊಟಕ್ಕೆ ಕರೆದಾಗ ತೆಲುಗಿನಲ್ಲಿ ಗದರಿದರು. ಕೊನೆಗೆ ಸಂಕ್ರಾಂತಿಯವರೆಗೆ ಕಾಲಾವಕಾಶ ಸಿಕ್ಕಿತು. ಅಲ್ಲಿಯ ತನಕ ಮರದ ಕೆಳಗೆ ಯಾರೂ ನಿಲ್ಲಬಾರದು, ಬಸ್ಸು ಶಾಲೆಯ ಗೋಡೆ ಪಕ್ಕ ನಿಲ್ಲಬೇಕು ಎಂದಾಯಿತು.

ಆದರೆ ಬಿಸಿಲಿದ್ದಾಗ ನೆರಳಿಗೆ ಹೋಗಬೇಡಿ ಎಂದರೆ ಕೇಳುವವರು ಯಾರು? ಕಾರ್ಖಾನೆಗೆ ಹೋಗುವ ಹುಡುಗರು ಹಳದಿ ಕಪ್ಪು ಪಟ್ಟೆಯ ಟೇಪು ತಂದು ಮರದ ಸುತ್ತ ಕಟ್ಟಿದರು. ಎರಡು ದಿನ ಕಳೆಯುವುದರಲ್ಲಿ ಅದು ಯಾರದೋ ಹಸುವಿನ ಕೊಂಬಿಗೆ ಅಲಂಕಾರವಾಗಿತ್ತು. ನಾನು ದಿನಾ ಸಂಜೆ ಕೋಲು ಹಿಡಿದು ನಿಂತು ಮಕ್ಕಳನ್ನು ಗೋಡೆಯ ಕಡೆಗೆ ಅಟ್ಟುತ್ತಿದ್ದೆ. ಅತ್ತ ತಿರುಗಿದರೆ ಇತ್ತ ಓಡಿಹೋಗುತ್ತಿದ್ದವು.

ನನಗೂ ಮರ ಹೋಗುವುದು ಬೇಡವಾಗಿತ್ತು. ಕೃಷ್ಣಗಿರಿಯಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾಗಿದ್ದ ನನ್ನ ಗೆಳತಿ ಸೆಲ್ವಿ ಮೇಡಂ ಅವರನ್ನು ಕರೆತಂದೆ. ಅವರಿಗೆ ತಮಿಳು ಬಿಟ್ಟರೆ ಇಂಗ್ಲಿಷ್. ಮರದ ಸುತ್ತ ನಡೆದರು, ಮರದ ಸುತ್ತಿಗೆಯಿಂದ ಕಾಂಡವನ್ನು ಬಡಿದು ಕಿವಿಗೊಟ್ಟರು, ಕೊಂಬೆ ಮುರಿದ ಗಾಯವನ್ನು ದುರ್ಬೀನಿನಿಂದ ನೋಡಿದರು. ಕೊನೆಗೆ ಕಟ್ಟೆ ಹತ್ತಿ ಬುಡ ನೋಡಿದರು. "ಮರ ನೆಲಕ್ಕೆ ಇಳಿಯುವ ಕಡೆ ಆನೆಯ ಪಾದದ ಹಾಗೆ ಅಗಲವಾಗಬೇಕು. ಇದು ನೆಟ್ಟ ಕಂಬದ ಹಾಗೆ ನೇರವಾಗಿ ಮಣ್ಣೊಳಗೆ ಹೋಗಿದೆ. ನಿಜವಾದ ಬುಡ ಎಲ್ಲೋ ಕೆಳಗೆ ಮುಚ್ಚಿಹೋಗಿದೆ. ಅದನ್ನು ನೋಡದೆ ಕಡಿಯಿರಿ ಅಂತಲೂ ನಾನು ಹೇಳುವುದಿಲ್ಲ, ಬಿಡಿ ಅಂತಲೂ ಹೇಳುವುದಿಲ್ಲ" ಎಂದು ತಮಿಳಿನಲ್ಲಿ ಹೇಳಿದರು.

ಅಂದರೆ ಮಣ್ಣು ತೆಗೆಯಬೇಕು. ಮಾತು ಊರಲ್ಲಿ ಹರಡಿದ್ದೇ ತಡ, ನನ್ನ ಜೊತೆ ಮಾತಾಡುವವರೇ ಕಡಿಮೆಯಾದರು. ಅಲ್ಲಿದ್ದುದು ಬರೀ ಮಣ್ಣಾಗಿದ್ದರೆ ಒಂದು ಜೆಸಿಬಿ ಸಾಕಿತ್ತು. ಒಂದೊಂದು ಮಂಕರಿಯೂ ಒಬ್ಬೊಬ್ಬರ ಮಗು, ಒಬ್ಬೊಬ್ಬರ ಮದುವೆ, ಸಾವಿನ ಬಾಯಿಂದ ತಪ್ಪಿಸಿಕೊಂಡು ಬಂದ ಯಾರದೋ ಅಪ್ಪ. ತೆಗೆದರೆ ಕೊಟ್ಟ ಹರಕೆಯನ್ನು ಕಿತ್ತುಕೊಂಡ ಹಾಗೆ ಎಂದು ಹೆಂಗಸರು ಹೆದರಿದರು. ಆ ಹೆದರಿಕೆಯನ್ನು ನೋಡಿ ನಾನು ನಗಲಾರೆ. ನನ್ನ ಮಗಳ ಜಾತಕರ್ಮದ ಬೆಳ್ಳಿ ಬಟ್ಟಲನ್ನು ಕರಗಿಸಿ ಎಂದರೆ ನನಗೂ ಹಾಗೇ ಆಗುತ್ತಿತ್ತು.

ದಾರಿ ಹುಡುಕಿದವರು ಕೆಂಚಪ್ಪನವರು. ಊರು ಸೇರಿದ್ದಾಗ, ಬಹಳ ಹೊತ್ತು ಎಲೆ ಅಡಿಕೆ ಅಗಿದು, ಎದ್ದು ನಿಂತು ಹೇಳಿದರು: "ಮಿಸನ್ನು ಗಿಸನ್ನು ಬ್ಯಾಡ ಕಣ್ರಪ್ಪಾ. ಹಾಕ್ದೋರ್ ಕೈಲೇ ತೆಗೀಲಿ. ಒಂದೊಂದ್ ಮನೆಯೋರು ಅವರವ್ರ ಮಂಕ್ರಿ ತರ್ಲಿ, ತೆಗ್ದಿದ್ದನ್ನ ಅವರವ್ರ ಹೊಲಕ್ಕೆ ಹಾಕ್ಕಳ್ಲಿ. ಮರ ಉಣ್ಣೋ ಅಷ್ಟು ಉಂಡೈತೆ. ಮಿಕ್ಕಿದ್ದು ಪ್ರಸಾದ ಅಂದ್ಕಳಿ."

ಪ್ರಸಾದ ಎಂಬ ಮಾತು ಬಂದದ್ದೇ ಎಲ್ಲರ ಮುಖ ಸಡಿಲಾಯಿತು. ಯಾರೋ ಸಣ್ಣಗೆ ನಕ್ಕರು. ಹೀಗೆ ಆ ಊರಿನ ಹರಕೆಯ ಮಣ್ಣು ಸಂಕ್ರಾಂತಿಯ ಹಿಂದಿನ ಚಳಿಯ ಬೆಳಗುಗಳಲ್ಲಿ ಮನೆಮನೆಗೆ ವಾಪಸು ಹೊರಟಿತು. ಹೆಂಗಸರು ಮರಕ್ಕೆ ನಮಸ್ಕಾರ ಮಾಡಿ, ಸನಿಕೆಯಿಂದ ಮೆಲ್ಲಗೆ ಕೆದಕಿ, ಮಂಕರಿ ತುಂಬಿ, ತಲೆಯ ಮೇಲಿನ ಸಿಂಬೆ ಸರಿಮಾಡಿ ಹೊತ್ತು ನಡೆಯುತ್ತಿದ್ದರು. ನಾನು ಶಾಲೆಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಅಷ್ಟು ಶಿಸ್ತಾಗಿ, ಅಷ್ಟು ಸದ್ದಿಲ್ಲದೆ ನಡೆದ ಕೆಲಸವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಗೌರಕ್ಕ ಮಾತ್ರ ಏಳಲಿಲ್ಲ. "ನೀವೆಲ್ಲ ನಿಮ್ದು ತಗೊಂಡೋಗ್ರಿ. ನನ್ ಮಣ್ಣು ಮುಟ್ಬ್ಯಾಡಿ. ಅದು ನಮ್ ಮಂಜುಂದು" ಎಂದು ರಸ್ತೆ ಕಡೆಯ ಮೂಲೆಯಲ್ಲಿ ಕೂತೇ ಇದ್ದರು. ಸುತ್ತಲೂ ಮಣ್ಣು ಇಳಿಯುತ್ತಾ ಹೋದ ಹಾಗೆ ಅವರು ಕೂತ ಜಾಗ ಮಾತ್ರ ದಿಬ್ಬವಾಗಿ ಉಳಿಯಿತು. ಕೆಂಚಪ್ಪನವರು ಹೇಳಿದರು, ನಾನು ಹೇಳಿದೆ. ಯಾರು ಏನು ಹೇಳಿದರೂ ಹೂವಿನಿಂದ ಕಣ್ಣೆತ್ತಲಿಲ್ಲ. ಸೆಲ್ವಿ ಮೇಡಂ ನೋಡಬೇಕಾಗಿದ್ದುದು ಸರಿಯಾಗಿ ಆ ಭಾಗವನ್ನೇ. ಕೊಂಬೆ ಬಿದ್ದದ್ದು ಆ ಕಡೆಯಿಂದ, ಮರ ವಾಲಿದ್ದೂ ಆ ಕಡೆಗೇ.

ಒಂದು ಸಂಜೆ ಬಸ್ಸು ತಡವಾಯಿತು. ನಾನು ಶಾಲೆಗೆ ಬೀಗ ಹಾಕಿ ಬರುವಷ್ಟರಲ್ಲಿ ಐದಾರು ಹುಡುಗಿಯರು ಗೌರಕ್ಕನ ದಿಬ್ಬದ ಸುತ್ತ ಕೂತು ಹರಟುತ್ತಿದ್ದರು. ನನಗೆ ರೇಗಿಹೋಯಿತು. "ಎಷ್ಟು ಸಲ ಬಡ್ಕೊಳ್ಳೋದು? ತಲೆ ಮೇಲೆ ಬಿದ್ರೆ ಗೊತ್ತಾಗತ್ತೆ!" ಎಂದು ಕೂಗಿದೆ. ಅವರಲ್ಲಿ ದೊಡ್ಡವಳು, ಭಾಗ್ಯ ಎಂದು, ಒಂದಿಷ್ಟೂ ಅಳುಕದೆ ಹೇಳಿದಳು: "ಗೌರಕ್ಕನೇ ಕುಂತವ್ರಲ್ಲ ಮಿಸ್. ಏನಾನ ಆಗೋ ಹಂಗಿದ್ರೆ ಗೌರಕ್ಕ ಇಲ್ಲಿ ಕುಂತ್ಕತಿದ್ರಾ?"

ಗೌರಕ್ಕನ ಕೈಯಲ್ಲಿ ಹೂವಿನ ದಾರ ನಿಂತಿತು. ಭಾಗ್ಯಳ ಮುಖವನ್ನು ನೋಡಿದರು, ಮೇಲೆ ಕೊಂಬೆಗಳನ್ನು ನೋಡಿದರು. ಬುಟ್ಟಿ ಎತ್ತಿಕೊಂಡು ಮನೆಗೆ ಹೊರಟುಹೋದರು. ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಗೋಡೆಯ ಕಡೆಗೆ ಬಂದರು.

ಮಾರನೆಯ ಬೆಳಿಗ್ಗೆ ಗೌರಕ್ಕ ಮಂಕರಿ ಹಿಡಿದು ಬಂದರು. ಯಾರನ್ನೂ ಹತ್ತಿರ ಸೇರಿಸಲಿಲ್ಲ. ತಾವೇ ಕೆದಕಿ, ಬಾಚಿ, ಮಂಕರಿ ತುಂಬಿಕೊಂಡರು. ತುಂಬಿದ ಮೇಲೆ ನಿಂತುಬಿಟ್ಟರು. ಆಗಲೇ ನಮಗೆಲ್ಲ ಹೊಳೆದದ್ದು. ಮಿಕ್ಕವರು ತಮ್ಮ ಹೊಲಕ್ಕೆ ಹೊತ್ತುಕೊಂಡು ಹೋಗುತ್ತಿದ್ದರು. ಗೌರಕ್ಕ ಎಲ್ಲಿಗೆ ಹೋಗಬೇಕು? ಅವರ ಹೊಲದ ಮೇಲೆ ಈಗ ತಗಡಿನ ಶೆಡ್ಡು, ಸುತ್ತ ಕಾಂಪೌಂಡು, ಗೇಟಿನಲ್ಲಿ ಕಾವಲುಗಾರ.

ಅವತ್ತು ಮಣ್ಣು ಹೊರಲು ಬಂದಿದ್ದ ಹೆಂಗಸರು ಮಂಕರಿ ತುಂಬಿಕೊಂಡು ಸಾಲಾಗಿ ನಿಂತಿದ್ದರು. ಗೌರಕ್ಕ ಒಂದು ಹಿಡಿ ಮಣ್ಣು ತೆಗೆದು ಮೊದಲನೆಯವಳ ಸೆರಗಿಗೆ ಹಾಕಿದರು. "ನಿಮ್ ರಾಗಿ ಹೊಲಕ್ಕೆ ಹಾಕ್ಕಳವ್ವಾ" ಎಂದರು. ಆಮೇಲೆ ಇನ್ನೊಬ್ಬಳಿಗೆ, ಮತ್ತೊಬ್ಬಳಿಗೆ. ಮಾವಿನ ತೋಟದವರಿಗೆ, ಟೊಮೇಟೊ ಹಾಕಿದವರಿಗೆ, ಅವರೆ ಬಿತ್ತಿದವರಿಗೆ. ಮಂಕರಿ ಬರಿದಾಗುವವರೆಗೆ ಹಂಚಿದರು. ಆ ಹೆಂಗಸರು ಅದನ್ನು ಸೆರಗೊಡ್ಡಿ ಈಸಿಕೊಂಡ ರೀತಿಯನ್ನು ನೆನೆದರೆ ಈಗಲೂ ನನಗೆ ಅಳು ಬರುತ್ತದೆ.

ಸಂಕ್ರಾಂತಿ ಕಳೆದು ಸೆಲ್ವಿ ಮೇಡಂ ಬಂದರು. ಅಷ್ಟರಲ್ಲಿ ಹಳೆಯ ಬುಡ ಕಂಡಿತ್ತು. ಶಾಲೆಯ ಕಡೆ, ಕೆರೆಯ ಕಡೆ ಬೇರುಗಳು ಆನೆಯ ಪಾದದ ಹಾಗೇ ಅಗಲವಾಗಿ ಹರಡಿಕೊಂಡಿದ್ದವು. ರಸ್ತೆಯ ಕಡೆ ಮಾತ್ರ ಸಿಪ್ಪೆ ಕಪ್ಪಾಗಿ ಸಡಿಲವಾಗಿತ್ತು. ಮೇಡಂ ಕಬ್ಬಿಣದ ಸಲಾಕೆಯೊಂದನ್ನು ಒತ್ತಿದರೆ ಅದು ನೆನೆದ ರೊಟ್ಟಿಗೆ ಇಳಿದ ಹಾಗೆ ಒಳಕ್ಕೆ ಹೋಯಿತು. ಅವರು ಸಲಾಕೆಯನ್ನು ಹೊರಗೆಳೆದು, ಅಂಟಿಕೊಂಡ ಪುಡಿಯನ್ನು ಒರೆಸಿ, ಅಲ್ಲೇ ಕುಕ್ಕರುಗಾಲಲ್ಲಿ ಕೂತರು. ಸುತ್ತ ಊರೆಲ್ಲ ನಿಂತಿತ್ತು.

ಗೌರಕ್ಕ ನನ್ನ ಪಕ್ಕ ಬಂದು ಕೇಳಿದರು. "ಆಯಮ್ಮನ್ನ ಒಂದ್ ಮಾತ್ ಕೇಳಿ ಟೀಚರಮ್ಮಾ. ನಾವ್ ಹಾಕಿದ್ ಮಣ್ಣಿಂದೇನಾ ಹಿಂಗಾಗಿರದು?"

ನಾನು ತಮಿಳಿನಲ್ಲಿ ಕೇಳಿದೆ. ಸೆಲ್ವಿ ಮೇಡಂ ಸುಳ್ಳು ಹೇಳುವವರಲ್ಲ. "ಆಮಾ", ಹೌದು, ಎಂದರು. ಕೆರೆಯ ಜಿಗುಟು ಮಣ್ಣು ಕಾಂಡದ ಸುತ್ತ ತೇವ ಹಿಡಿದಿಟ್ಟಿತು, ಸಿಮೆಂಟು ಗಾಳಿ ಆಡದಂತೆ ಮಾಡಿತು, ಸಿಪ್ಪೆ ಉಸಿರುಕಟ್ಟಿ ಕೊಳೆಯಿತು, ಕೊಳೆತು ವರ್ಷಗಳೇ ಆಗಿವೆ ಎಂದು ತಗ್ಗಿದ ದನಿಯಲ್ಲಿ ವಿವರಿಸಿದರು. ಮರ ಬೀಳುವುದಾದರೆ ಇಡಿಯಾಗಿ ರಸ್ತೆಯ ಮೇಲೇ ಬೀಳುತ್ತದೆ, ಕೊಂಬೆ ಇಳಿಸಿದರೂ ನಂಬುವ ಹಾಗಿಲ್ಲ ಎಂದರು.

ನಾನು ಗೌರಕ್ಕನ ಕಡೆ ತಿರುಗಿ, "ಮರಕ್ಕೆ ವಯಸ್ಸಾಗಿದೆಯಂತೆ ಗೌರಕ್ಕ. ವಯಸ್ಸಾದ ಮೇಲೆ ಹೀಗೇ ಆಗತ್ತಂತೆ" ಎಂದೆ. ಆ ಮುಖ ನೋಡಿಕೊಂಡು ಬೇರೆ ಏನು ಹೇಳಲಿ? ಈಗ ಕೇಳಿದರೂ ಅದನ್ನೇ ಹೇಳುತ್ತೇನೆ.

ಗೌರಕ್ಕ ನನ್ನ ತೋಳಿನ ಮೇಲೆ ಕೈಯಿಟ್ಟರು. "ಕಿಸ್ನಗಿರಿ ಮಾರ್ಕೆಟ್ನಾಗೆ ಹೂವ ಮಾರ್ಕಂಡೇ ಬದ್ಕಿರೋಳು ನಾನು. ನಂಗೆ ತಮಿಳು ಬರಾಕಿಲ್ವಾ ತಾಯೀ" ಎಂದರು. ಕೋಪವಿರಲಿಲ್ಲ. ಸಮಾಧಾನ ಮಾಡುವವರ ಹಾಗೆ ಹೇಳಿದರು. ಆಮೇಲೆ ಕೆಳಗಿಳಿದು ಆ ಕರಿ ಸಿಪ್ಪೆಯನ್ನು ಅಂಗೈಯಲ್ಲಿ ಸವರಿದರು. ಹಿಂದೆ ಯಾರೋ ಮುದುಕಿ ಬಿಕ್ಕುತ್ತಿದ್ದಳು.

ಕೆಂಚಪ್ಪನವರು, ಮಾರಮ್ಮನ ಗುಡಿಯಲ್ಲಿ ಹೂವಿಟ್ಟು ಅಪ್ಪಣೆ ಕೇಳೋಣ, ಬಲಗಡೆ ಬಿದ್ದರೆ ಕಡಿಯುವುದು, ಎಡಗಡೆ ಬಿದ್ದರೆ ಬಿಡುವುದು ಎಂದರು. ಗೌರಕ್ಕ ಮರದಿಂದ ಕೈ ತೆಗೆಯದೆಯೇ ಹೇಳಿದರು.

"ಅವ್ವುನ್ನ ಯಾಕ್ ಕಷ್ಟಕ್ ಸಿಗಿಸ್ತೀಯ ಕೆಂಚಣ್ಣಾ? ಮಣ್ ಹಾಕ್ದೋರ್ ನಾವು, ನಾವೇ ಹೇಳವಾ. ನನ್ ಮಗ್ನುನ್ನ ರೋಡು ತಗೊಂಡೋಯ್ತು. ಅವತ್ತು ಅವನ್ನ ನಿಲ್ಲಾ ಅನ್ನಾಕೆ ಯಾರೂ ಇರ್ಲಿಲ್ಲ. ಇಲ್ಲಿ ನಿಂತ್ಕಣಾವು ಇನ್ನೊಬ್ರ ಮಕ್ಳು ಕಣಣ್ಣಾ. ಕೆಡವ್ಸು."

ಗುಡಿಗೆ ಯಾರೂ ಹೋಗಲಿಲ್ಲ. ತಾಲ್ಲೂಕು ಕಚೇರಿಯ ಕಾಗದಪತ್ರ ಮುಗಿದು ಮಾರ್ಚ್ ತಿಂಗಳಲ್ಲಿ ಮರ ಹೋಯಿತು. ಒಂದೇ ಏಟಿಗೆ ಬೀಳಿಸಲಿಲ್ಲ. ಮೇಲಿನಿಂದ ಹಗ್ಗ ಕಟ್ಟಿ ಕೊಂಬೆಕೊಂಬೆಯಾಗಿ ಇಳಿಸಿದರು. ರಸ್ತೆ ನಿಲ್ಲಿಸಿ, ಮಕ್ಕಳಿಗೆ ರಜೆ ಕೊಟ್ಟು, ಎರಡೂ ಕಡೆ ಹುಡುಗರು ಕಾವಲು ನಿಂತರು. ಮೊದಲು ಗೌರಕ್ಕ ಮರಕ್ಕೆ ಮಾರುಗಟ್ಟಲೆ ಸೇವಂತಿಗೆ ಸುತ್ತಿ, ಹಣೆ ಹಚ್ಚಿ ಬಂದರು. ಗರಗಸದ ಸದ್ದು ಶುರುವಾದ ಮೇಲೆ ಊರೆಲ್ಲ ಆ ಹಾಲಿನ ವಾಸನೆ. ತಲೆಗೂದಲಲ್ಲಿ, ಸೀರೆಯಲ್ಲಿ, ಡಬ್ಬಿಯ ಅನ್ನದಲ್ಲೂ ಅದೇ. ನಾನು ತಡೆಯಲಾರದೆ ಶಾಲೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ರಸ್ತೆಯ ಕಡೆಯ ಬುಡ ಕೊಯ್ದಾಗ ಒಳಗೆ ಒಬ್ಬ ಮನುಷ್ಯ ಕೂರುವಷ್ಟು ಟೊಳ್ಳಿತ್ತು ಎಂದು ಆಮೇಲೆ ಹೇಳಿದರು. ನಾನು ನೋಡಲಿಲ್ಲ.

ಶಾಲೆಯ ಗೋಡೆ ಪಕ್ಕ ತಗಡಿನ ಒಂದು ಚಪ್ಪರ ಹಾಕಿದರು. ಗೌರಕ್ಕನ ಬುಟ್ಟಿಯೂ ಅಲ್ಲಿಗೇ ಬಂತು. ಬಿಸಿಲಿಗೆ ತಗಡು ಕಾದು ಕೂರಲಾಗುತ್ತಿರಲಿಲ್ಲ. ಎಲ್ಲರೂ ಬೈದುಕೊಂಡೇ ಕೂರುತ್ತಿದ್ದರು. ಸುಮ್ಮನೆ ಅವಸರಪಟ್ಟು ಕೆಡವಿಸಿಬಿಟ್ಟರು, ಮರ ಇನ್ನೂ ಎಷ್ಟೋ ಕಾಲ ಇರುತ್ತಿತ್ತು ಎಂಬ ಮಾತು ನನ್ನ ಕಿವಿಗೂ ಬಿತ್ತು, ಗೌರಕ್ಕನ ಕಿವಿಗೂ ಬಿದ್ದಿರಬೇಕು. ಅದಕ್ಕೆ ಏನೆಂದು ಉತ್ತರ ಕೊಡುವುದು? ಮರ ಇಲ್ಲ, ಅನಾಹುತವೂ ಇಲ್ಲ. ಆಗದೇ ಹೋದದ್ದನ್ನು ತೋರಿಸುವುದು ಹೇಗೆ?

ಏಪ್ರಿಲಿನಲ್ಲಿ, ಪರೀಕ್ಷೆ ಮುಗಿದ ದಿನ, ಮಕ್ಕಳು ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಗಾಳಿ ಎದ್ದಿತು. ಮಾವಿನ ಕಾಲದ ಗಾಳಿ. ಧೂಳು ಎದ್ದು ಎದುರಿಗಿದ್ದವರು ಕಾಣಲಿಲ್ಲ. ಮನೆಗಳ ಹೆಂಚು ಹಾರಿತು, ಎಲ್ಲೋ ಕರೆಂಟಿನ ತಂತಿ ಕಿತ್ತು ಚಟಪಟ ಎಂದಿತು, ಹಿಂದೆಯೇ ಆಲಿಕಲ್ಲು ಸುರಿಯಿತು. ಪರೀಕ್ಷೆ ಮುಗಿದ ಖುಷಿಯಲ್ಲಿ ಮಕ್ಕಳು ಕೂಗುತ್ತಾ ರಸ್ತೆಯ ತುಂಬ ಚೆಲ್ಲಾಡಿಹೋಗಿದ್ದರು. ಗೋಣಿಮರ ಇದ್ದ ಜಾಗದಲ್ಲೇ ಒಂದು ಗುಂಪು ಆಲಿಕಲ್ಲು ಆರಿಸುತ್ತಾ ಕುಣಿಯುತ್ತಿತ್ತು. ಭಾಗ್ಯಳೂ ಅಲ್ಲಿದ್ದಳು. ಅವರ ತಲೆಯ ಮೇಲೆ ಬರೀ ಆಕಾಶ. ನಾನು ನೆನೆಯುತ್ತಾ ಓಡಾಡಿ ಒಬ್ಬೊಬ್ಬರನ್ನೇ ಹಿಡಿದು ಚಪ್ಪರದೊಳಗೆ ತಳ್ಳಿದೆ.

ಒಳಗೆ ಗೌರಕ್ಕ ಗೋಡೆಗೆ ಒರಗಿ ನಿಂತಿದ್ದರು. ಹೂವಿನ ಬುಟ್ಟಿ ಗಾಳಿಗೆ ಹಾರಿಹೋಗಿತ್ತು. ಅದರ ಕಡೆ ಅವರಿಗೆ ಗಮನವೇ ಇರಲಿಲ್ಲ. ಎರಡು ಚಿಕ್ಕ ಹುಡುಗಿಯರನ್ನು ಸೆರಗಿನೊಳಗೆ ಅವುಚಿಕೊಂಡು, ಖಾಲಿ ರಸ್ತೆಯನ್ನೇ ನೋಡುತ್ತಿದ್ದರು.

"ಎಲ್ಲಾ ಮಕ್ಳೂ ಬಂದ್ವಾ ಟೀಚರಮ್ಮಾ?" ಎಂದು ಕೇಳಿದರು.

"ಬಂದ್ವು ಗೌರಕ್ಕ."

"ಸರ್ಯಾಗಿ ನೋಡಿ."

ನಾನು ಮತ್ತೊಮ್ಮೆ ನೋಡಿದೆ. "ಎಲ್ಲಾ ಬಂದ್ವು" ಎಂದೆ. ಆಗ ಅವರು ಮೆಲ್ಲಗೆ ಜಾರಿ ನೆಲದ ಮೇಲೆ ಕೂತು, ಹುಡುಗಿಯರ ಒದ್ದೆ ತಲೆಯನ್ನು ಸೆರಗಿನಿಂದ ಒರೆಸತೊಡಗಿದರು.